ಬಚ್ಚಲ ಬಾಯಿಗೆ ಯಾರ ಕೈ?

ಠಾಣೆಯ ಘೋಡಬಂದರ್ ರಸ್ತೆಯ ಕಡೆಯ ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಬಾಡಿಗೆಗಿರುವ ಕನ್ನಡದ ಕುಟುಂಬದ ಬಚ್ಚಲಲ್ಲಿ ಬಾತ್‌ಟಬ್ ಇದೆ. ಮನೆಯ ಹಿಂದಿನ ಮಾಲೀಕರು ಶೋಕಿಗೆ ಹಾಕಿಸಿದ್ದು. ಗದಗಿನಿಂದ ಬಂದ ಈ ಮನೆಯವರಲ್ಲಿ ಅದರೊಳಗೆ ಮಲಗಿ ಸ್ನಾನ ಮಾಡಿದವನು ಒಬ್ಬನೇ, ಆರು ವರ್ಷದ ಮೊಮ್ಮಗ. ಉಳಿದವರಿಗೆ ಟಬ್ಬೆಂದರೆ ಗೋಡೆ ಎತ್ತರಿಸಿದ ಬಚ್ಚಲು, ಅಷ್ಟೆ. ಅದರೊಳಗೆ ಒಂದು ಬಕೆಟ್ಟು, ಒಂದು ತಂಬಿಗೆ, ಅಜ್ಜಿ ಕೂರಲು ಪ್ಲಾಸ್ಟಿಕ್ ಮಣೆ. ನೀರು ಬರುವುದಿಲ್ಲವೆಂದು ಸೊಸೈಟಿಯ ಬೋರ್ಡಿನಲ್ಲಿ ಬರೆದ ದಿನ ಮಾತ್ರ ಟಬ್ಬಿಗೆ ಬಿರಡೆ ಹಾಕಿ ಅಂಚಿನವರೆಗೆ ನೀರು ತುಂಬಿಡುತ್ತಾರೆ. ಟಬ್ ಇದ್ದದ್ದಕ್ಕೂ ಸಾರ್ಥಕವಾಯಿತೆಂದು ಅನಿಸುವುದು ಆಗಲೇ.

ಕಳೆದ ಮಳೆಗಾಲದಲ್ಲಿ ಆ ಟಬ್ ಕಟ್ಟಿಕೊಂಡಿತು. ಒಂದು ದಿನ ಪಾದ ಮುಳುಗುವಷ್ಟು ನೀರು ನಿಂತಿತು, ವಾರ ಕಳೆಯುವಷ್ಟರಲ್ಲಿ ಹಿಮ್ಮಡಿಯ ಮೇಲಕ್ಕೆ ಬಂತು. ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಹೋಗಲು ಮುಕ್ಕಾಲು ಗಂಟೆ ಕಾಯಬೇಕಾಯಿತು. ಬೆಳಗಿನ 7.42ರ ಲೋಕಲ್ ಹಿಡಿಯುವ ಮನೆಯಲ್ಲಿ ಮುಕ್ಕಾಲು ಗಂಟೆ ಎಂದರೆ ಏನೆಂದು ಆ ಊರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ಆಮೇಲೆ ನಡೆದದ್ದು ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳ ಸಾವಿರಾರು ಮನೆಗಳಲ್ಲಿ ನಡೆಯುವುದೇ. ಮೊದಲ ದಿನ ಮೊಬೈಲಿನಲ್ಲಿ ನೋಡಿದಂತೆ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದರು. ಬುರುಬುರು ನೊರೆ ಬಂತು, ಮೊಮ್ಮಗ ಚಪ್ಪಾಳೆ ತಟ್ಟಿದ, ನೀರು ಇಳಿಯಲಿಲ್ಲ. ಎರಡನೇ ದಿನ ಕುದಿಯುವ ನೀರು. ಮೂರನೇ ದಿನ ಕಿರಾಣಿ ಅಂಗಡಿಯಿಂದ ಪುಡಿಯ ಪೊಟ್ಟಣ. ನಾಲ್ಕನೇ ದಿನ ಆ್ಯಸಿಡ್ ಬಾಟಲಿ ತರಬೇಕೆಂಬ ಮಾತು ಬಂತು. ಐದನೇ ದಿನ ಅಜ್ಜಿ, ಇದೆಲ್ಲ ಯಾಕೆಂದು ಬೇಸತ್ತು, ಸರಳವಾದ ದಾರಿ ಹೇಳಿದರು: "ನಾಳಿ ಬಾಯಿ ಬರ್ತಾಳಲ್ಲ, ಆಕಿಗೆ ಹೇಳ್ರಿ. ಕೈ ಹಾಕಿ ತಗೀತಾಳ. ಒಂದ್ ಐವತ್ತ ರೂಪಾಯಿ ಹೆಚ್ಚ ಕೊಟ್ರಾತು."

ಮನೆಗೆಲಸದ ಹೆಂಗಸಿಗೆ ಮರಾಠಿಯಲ್ಲಿ ಬಾಯಿ. ಮುಂಬೈ ಪುಣೆಯ ಕನ್ನಡಿಗರ ಮನೆಮಾತಿನಲ್ಲೂ ಈಗ ಅದೇ. "ಬಾಯಿ ಇನ್ನೂ ಬಂದಿಲ್ಲ" ಎಂದರೆ ಬಳ್ಳಾರಿಯಿಂದ ಬಂದ ನೆಂಟರು ಬಾಯಿ ಮುಟ್ಟಿ ನೋಡಿಕೊಳ್ಳುತ್ತಾರೆ. ಕನ್ನಡದ್ದೇ ಇನ್ನೊಂದು ಮಾತಿದೆ: ಬಚ್ಚಲ ಬಾಯಿ. ಹೊಲಸು ಮಾತಾಡುವವರನ್ನು ಬೈಯಲು ಬಳಸುತ್ತಾರೆ. ಅದು ಬೈಗುಳವಾಗುವ ಮೊದಲು ನಿಜವಾದ ಬಚ್ಚಲಿನ ನಿಜವಾದ ಬಾಯಿಯೇ ಆಗಿತ್ತು, ಕೊಳೆನೀರು ಹೊರಗೆ ಬೀಳುವ ಕಂಡಿ. ಆ ಬಾಯಿಗೆ ಈ ಬಾಯಿಯ ಕೈ ಎಂಬುದು ಅಜ್ಜಿಯ ತೀರ್ಮಾನ. ಅಜ್ಜಿ ಕೆಟ್ಟವರಲ್ಲ. ಆಕೆಗೆ ಚಹಾ ಕೊಡದೆ ಕಳಿಸಿದವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾರೆ. ಆದರೂ ಈ ತೀರ್ಮಾನ ಅವರ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಎಂಬುದನ್ನು ನೋಡಬೇಕು. ಮನೆಯಲ್ಲಿ ಯಾರ ಕೈ ಯಾವುದನ್ನು ಮುಟ್ಟಬೇಕು ಎಂಬುದು ಬಹಳ ಹಿಂದೆಯೇ ಗೊತ್ತಾಗಿಬಿಟ್ಟಿರುವ ಕಡೆ ಮಾತ್ರ ಮಾತು ಹಾಗೆ ಜಾರಿ ಬರುತ್ತದೆ.

ಟಬ್ಬಿನೊಳಗೆ ಇದ್ದದ್ದಾದರೂ ಏನು? ಆ ಮನೆಯವರ ತಲೆಗೂದಲು, ಆ ಮನೆಯವರು ಹಚ್ಚಿಕೊಂಡ ಎಣ್ಣೆ, ಆ ಮನೆಯವರು ತಿಕ್ಕಿಕೊಂಡ ಸಾಬೂನು. ಬೇರೆ ಏನೂ ಇರಲಿಲ್ಲ. ಬಚ್ಚಲು ಕಟ್ಟಿದಾಗ ಹತ್ತರಲ್ಲಿ ಒಂಬತ್ತು ಸಲ ಒಳಗಿರುವುದು ಇಷ್ಟೆ. ಕೂದಲು ಮೊದಲು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಟಬ್ಬಿನಲ್ಲಾದರೆ ಬಿರಡೆಯ ಕೆಳಗೆ ಎರಡು ಮೂರು ಅಂಗುಲ ಆಳದಲ್ಲಿ ಅಡ್ಡಪಟ್ಟಿ ಇರುತ್ತದೆ, ಅಲ್ಲಿ. ಸಿಕ್ಕಿದ ಕೂದಲಿಗೆ ಇನ್ನಷ್ಟು ಕೂದಲು ಸುತ್ತಿಕೊಳ್ಳುತ್ತದೆ, ಅದು ಬಲೆಯಾಗುತ್ತದೆ. ಸಾಬೂನು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ, ಬಕೆಟ್ಟಿನ ಅಂಚಿಗೆ ಕೂರುವ ಅದೇ ಕರೆ. ಅದು ಬಲೆಯ ಕಣ್ಣುಗಳನ್ನು ಮುಚ್ಚುತ್ತದೆ. ನೀರು ಗಡಸಾದಷ್ಟೂ ಜಿಡ್ಡು ಜಾಸ್ತಿ. ಕೆರೆಯ ನೀರು ಬರುವ ಮುಂಬೈಗಿಂತ ಕೊಳವೆಬಾವಿ, ಟ್ಯಾಂಕರುಗಳ ಮೇಲೆ ಬದುಕುವ ಹೈದರಾಬಾದ್, ಚೆನ್ನೈ ಬಡಾವಣೆಗಳಲ್ಲಿ ಬಚ್ಚಲು ಬೇಗ ಕಟ್ಟುವುದಕ್ಕೆ ಇದೂ ಒಂದು ಕಾರಣ. ಸೀಗೆಕಾಯಿ, ಅಂಟುವಾಳದ ಕಾಲದಲ್ಲಿ ಈ ಜಿಡ್ಡು ಆಗುತ್ತಿರಲಿಲ್ಲ, ಅವುಗಳ ನೊರೆ ಸಾಬೂನಿನ ಜಾತಿಯದಲ್ಲ. ಆಗ ಸೀಗೆಕಾಯಿಯ ಚರಟವೇ ಕಟ್ಟಿಕೊಳ್ಳುತ್ತಿತ್ತು ಎಂಬುದು ಬೇರೆ ಮಾತು.

ಆ ಕಾಲದ ಬಚ್ಚಲು ಕಟ್ಟಿದರೆ ಯಾರಿಗೂ ಹೇಳಿ ಕಳಿಸಬೇಕಾಗಿರಲಿಲ್ಲ. ಹಂಡೆ, ಒಲೆ, ಕಲ್ಲು ಚಪ್ಪಡಿ, ಗೋಡೆಯ ಬುಡದಲ್ಲಿ ಒಂದು ಕಂಡಿ. ಕಂಡಿಯಿಂದ ಬಿದ್ದ ನೀರು ಹಿತ್ತಿಲ ಬಾಳೆಗೋ ಕೆಸುವಿಗೋ ಹೋಗುತ್ತಿತ್ತು. ಕಟ್ಟಿದರೆ ಹೊರಗಿನಿಂದ ಕೋಲು ಹಾಕಿ ತಿವಿದರಾಯಿತು. ಕನ್ನಡದಲ್ಲಿ ಬಚ್ಚಲು ಎಂದರೆ ಮೀಯುವ ಜಾಗವೂ ಹೌದು, ಅಲ್ಲಿಂದ ಕೊಳೆ ಹೊರಟು ಹೋಗುವ ದಾರಿಯೂ ಹೌದು. ಎರಡಕ್ಕೂ ಒಂದೇ ಪದ. ಮೈ ತೊಳೆಯುವುದು, ತೊಳೆದದ್ದು ಎಲ್ಲಿಗೆ ಹೋಯಿತೆಂದು ನೋಡುವುದು ಎರಡೂ ಒಂದೇ ಕೆಲಸದ ಎರಡು ತುದಿ ಎಂದು ಆ ಪದ ತಿಳಿದಿತ್ತು. ಆಮೇಲೆ ಬಾತ್‌ರೂಮ್ ಬಂತು. ಅದು ಮೊದಲರ್ಧವನ್ನು ಮಾತ್ರ ತೆಗೆದುಕೊಂಡಿತು. ಉಳಿದರ್ಧಕ್ಕೆ ಮನೆಮಾತಿನಲ್ಲಿ ಹೆಸರೇ ಇಲ್ಲದಂತಾಗಿ, "ಬ್ಲಾಕ್ ಆಗಿದೆ" ಎಂದು ಹೇಳಿ ಫೋನ್ ತೆಗೆದುಕೊಳ್ಳುವುದಷ್ಟೇ ಉಳಿಯಿತು.

ಪ್ಲಂಬರರ ಬಳಿ ಮಾತ್ರ ಆ ಅರ್ಧಕ್ಕೆ ಹೆಸರಿದೆ. ಬಚ್ಚಲ ನೆಲದ ಜಾಲರಿಯ ಕೆಳಗೆ ಕೂತಿರುವ ಬಟ್ಟಲಿನಂಥ ಸಾಮಾನಿಗೆ ಅವರು 'ನಾನಿ ಟ್ರ್ಯಾಪ್' ಎನ್ನುತ್ತಾರೆ. ಇಂಗ್ಲಿಷ್ ಕ್ಯಾಟಲಾಗುಗಳಲ್ಲಿ 'ನಹಾನಿ ಟ್ರ್ಯಾಪ್' ಎಂದು ಅಚ್ಚಾಗಿರುತ್ತದೆ. ಇಂಗ್ಲಿಷ್ ಪದವೆಂದು ಎಷ್ಟೋ ಜನ ಭಾವಿಸುತ್ತಾರೆ. ಅಲ್ಲ. ಮರಾಠಿಯ 'ನ್ಹಾಣಿ', ಹಿಂದಿಯ 'ನಹಾನಾ', ಸಂಸ್ಕೃತದ ಸ್ನಾನ ಎಲ್ಲ ಒಂದೇ ಬಳ್ಳಿ. ಕುಳಿತು ಮೀಯುವ, ನೆಲವೆಲ್ಲ ಒದ್ದೆಯಾಗುವ ಈ ದೇಶದ ಸ್ನಾನಕ್ಕೆ ಟಬ್ಬಿನ ದೇಶದವರ ಕೊಳವೆ ಸಾಲದೆ ಬಂದಾಗ ಹುಟ್ಟಿದ ಸಾಮಾನು ಅದು, ಹೆಸರೂ ಇಲ್ಲಿಯದೇ.

ಆ ಬಟ್ಟಲಿನ ಕೆಲಸ ಸಣ್ಣದಲ್ಲ. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಸರಿಯಾಗಿ ಮಾಡಿದ್ದರಲ್ಲಿ ಸುಮಾರು 50 ಮಿಲಿಮೀಟರ್. ಕೆಳಗಿನ ಕೊಳವೆಯ ಗಾಳಿ, ವಾಸನೆ, ಜಿರಳೆ ಮೇಲೆ ಬರದಂತೆ ತಡೆಯುವುದು ಆ ನೀರು. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆಯ ಹಿಂದಿದ್ದದ್ದೂ ಇದೇ ಯೋಚನೆ. ಬಾಗಿಲಿಗೆ ನೀರನ್ನೇ ಕದವಾಗಿಡುವುದು.

ಈ ಕದವನ್ನು ಜನ ಕಿತ್ತು ಎಸೆಯುತ್ತಾರೆ. ಬಚ್ಚಲು ಪದೇ ಪದೇ ಕಟ್ಟುತ್ತದೆಂದು ಟ್ರ್ಯಾಪಿನೊಳಗಿನ ಕಪ್ಪನ್ನು ತೆಗೆದು ಅಟ್ಟದ ಮೇಲಿಟ್ಟ ಮನೆಗಳು ಎಷ್ಟೋ. ನೀರು ಸರಾಗವಾಗಿ ಹೋಗುತ್ತದೆ ನಿಜ. ವಾಸನೆಯೂ ಅಷ್ಟೇ ಸರಾಗವಾಗಿ ಬರುತ್ತದೆ. ವಾಸನೆಗೆ ಸುಗಂಧದ ಗುಳಿಗೆ ತೂಗುಹಾಕುತ್ತಾರೆ. 2003ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ಹಬ್ಬಿ 300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, 42 ಜನ ಸತ್ತರು. ತನಿಖೆ ಮಾಡಿದವರು ಬೊಟ್ಟು ಮಾಡಿದ್ದು ಬಚ್ಚಲ ನೆಲದ ಟ್ರ್ಯಾಪುಗಳಿಗೆ. ನೆಲಕ್ಕೆ ನೀರು ಸುರಿಯದೆ ಬರೀ ಒರೆಸುತ್ತಿದ್ದ ಮನೆಗಳಲ್ಲಿ ಆ ನೀರಿನ ಕದ ಒಣಗಿಹೋಗಿತ್ತು. ಗಾಳಿ ಎಳೆಯುವ ಫ್ಯಾನು ಹಾಕಿದಾಗ ಕೊಳವೆಯೊಳಗಿನ ಸೋಂಕಿನ ಹನಿಗಳು ಮನೆಯೊಳಕ್ಕೆ ಬಂದಿದ್ದವು. ಎರಡು ತಿಂಗಳು ಬೀಗ ಹಾಕಿ ಊರಿಗೆ ಹೋಗಿ ಬಂದವರ ಮನೆಯಲ್ಲಿ ಬಾಗಿಲು ತೆರೆದಾಗ ಬರುವ ಆ ವಾಸನೆಯೂ ಇದೇ. ಒಂದು ಚೊಂಬು ನೀರು ಸುರಿದರೆ ಹೋಗುತ್ತದೆ.

ಮತ್ತೆ ಠಾಣೆಯ ಟಬ್ಬಿಗೆ ಬರೋಣ. ಸೋಡಾ ವಿನೆಗರಿನಿಂದ ಏನೂ ಆಗಲಿಲ್ಲ ಏಕೆಂದರೆ ಆಗುವುದಿಲ್ಲ. ಒಂದು ಕ್ಷಾರ, ಒಂದು ಆಮ್ಲ, ಎರಡೂ ಸೇರಿದರೆ ಒಂದನ್ನೊಂದು ತಿಂದುಹಾಕಿ ಉಳಿಯುವುದು ಗಾಳಿಗುಳ್ಳೆ ಮತ್ತು ಉಪ್ಪುನೀರಿನಂಥದ್ದು. ಕೂದಲಿಗೆ ಅದರಿಂದ ಏನೂ ಆಗದು. ಕುದಿಯುವ ನೀರು ಜಿಡ್ಡನ್ನು ಸ್ವಲ್ಪ ಕರಗಿಸುತ್ತದೆ, ಕೂದಲನ್ನು ಅಲ್ಲ. ಮೇಲಾಗಿ ಈಗಿನ ಪಿವಿಸಿ ಕೊಳವೆ 80 ಡಿಗ್ರಿಯ ಹತ್ತಿರ ಮೆತ್ತಗಾಗುವಂಥದ್ದು. ಕೈಗೆ ತಾಳುವಷ್ಟು ಬಿಸಿ ಸಾಕು. ಪೊಟ್ಟಣದ ಪುಡಿಯಲ್ಲಿರುವುದು ಕಾಸ್ಟಿಕ್ ಸೋಡಾ. ಅದು ಕೂದಲನ್ನು ಕರಗಿಸುವುದು ನಿಜ, ಚರ್ಮವನ್ನೂ ಕರಗಿಸುತ್ತದೆ, ಎರಡೂ ಪ್ರೋಟೀನೇ. ಕೆಲವಲ್ಲಿ ಅಲ್ಯೂಮಿನಿಯಂ ಚೂರು ಬೆರೆಸಿರುತ್ತಾರೆ, ನೀರು ತಗುಲಿದರೆ ಕಾದು ಕುದಿಯಲೆಂದು. ಅಂಚಿನವರೆಗೆ ನೀರು ನಿಂತ ಟಬ್ಬಿಗೆ ಅದನ್ನು ಹಾಕಿದರೆ ತಳದವರೆಗೆ ಮುಟ್ಟುವುದು ಸ್ವಲ್ಪವೇ, ಉಳಿದದ್ದು ಮೇಲಿನ ನೀರಲ್ಲಿ ಬೆರೆತು ಆ ನೀರನ್ನೇ ವಿಷವಾಗಿಸುತ್ತದೆ.

ಇನ್ನು ಆ್ಯಸಿಡ್. ಕೂದಲು ಆ್ಯಸಿಡ್ಡಿಗೆ ಜಗ್ಗುವುದಿಲ್ಲ. ಸಾಬೂನಿನ ಬಿಳಿ ಕರೆಯನ್ನು ಅದು ಒಡೆಯುತ್ತದೆ, ಒಡೆದು ಮೇಣದಂಥ ಕೊಬ್ಬನ್ನು ಉಳಿಸುತ್ತದೆ, ಅದು ಮತ್ತೆ ಅಲ್ಲೇ ಅಂಟುತ್ತದೆ. ಆ್ಯಸಿಡ್ ನಿಜವಾಗಿ ತಿನ್ನುವುದು ಹೆಂಚುಗಳ ನಡುವಿನ ಸಿಮೆಂಟನ್ನು. ಸಂದು ತೆರೆದರೆ ನೀರು ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಆಮೇಲೆ ಸೊಸೈಟಿಯ ಸಭೆಯಲ್ಲಿ ವರ್ಷಗಟ್ಟಲೆ ನಡೆಯುವ ಜಗಳದ ಬಗ್ಗೆ ಓದುಗರಿಗೆ ಗೊತ್ತಿದೆ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ್ಯಸಿಡ್ ಮಾರುವ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು, ಕೊಳ್ಳುವವರ ಗುರುತು ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು ಎಂದು ಹೇಳಿತು. ಹೆಣ್ಣುಮಕ್ಕಳ ಮುಖ ಸುಟ್ಟ ಘಟನೆಗಳ ಹಿನ್ನೆಲೆಯಲ್ಲಿ ಬಂದ ಆದೇಶ ಅದು. ಅದೇ ವಸ್ತು ಬಣ್ಣದ ಬಾಟಲಿಯಲ್ಲಿ ಬಚ್ಚಲ ಮೂಲೆಯಲ್ಲಿ ಕೂತಾಗ ಯಾರಿಗೂ ಹೆದರಿಕೆ ಇಲ್ಲ.

ಹೆದರಬೇಕಾದ್ದು ಅದರ ಮುಂದಿನ ಹೆಜ್ಜೆಗೆ. ಅದೇ ಕಟ್ಟಡದಲ್ಲಿ, ಎರಡು ಮಹಡಿ ಮೇಲೆ, ಹಿಂದಿನ ಚಳಿಗಾಲದಲ್ಲಿ ಒಂದು ಮನೆಯವರು ಮೂರು ದಿನ ಆ್ಯಸಿಡ್ ಸುರಿದರು. ಹೋಗಲಿಲ್ಲ. ನಾಲ್ಕನೇ ದಿನ ಪ್ಲಂಬರನ್ನು ಕರೆದರು. ಬಂದವನು ಇಪ್ಪತ್ತೆರಡರ ಹುಡುಗ, ಹೊಸಬ. ಹಳಬರಾದರೆ ಒಳಗೆ ಕಾಲಿಡುವ ಮೊದಲೇ "ಆ್ಯಸಿಡ್ ಡಾಲಾ ಕ್ಯಾ?" ಎಂದು ಕೇಳುತ್ತಾರೆ. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ರಬ್ಬರ್ ಪಂಪು ಒತ್ತಿದಾಗ ನೀರು ಚಿಮ್ಮಿ ಕೆನ್ನೆಗೆ, ಎಡಗಣ್ಣಿಗೆ ಬಿತ್ತು. ಕೆಳಗಿನ ವಾಚ್‌ಮನ್ ಅವನನ್ನು ನಲ್ಲಿಯ ಕೆಳಗೆ ಕೂರಿಸಿ ಇಪ್ಪತ್ತು ನಿಮಿಷ ಕಣ್ಣಿಗೆ ನೀರು ಬಿಟ್ಟ. ಅಷ್ಟು ಬುದ್ಧಿ ಆ ಕಟ್ಟಡದಲ್ಲಿ ಇದ್ದದ್ದು ಅವನೊಬ್ಬನಿಗೆ. ಕಣ್ಣು ಉಳಿಯಿತು. ಮನೆಯವರು ಕೆಲಸದ ದುಡ್ಡಿನ ಜೊತೆ ಇನ್ನೂರು ರೂಪಾಯಿ ಕೊಟ್ಟರು. ಅವನಿಗೆ ಒಂದು ಮಾತು ಹೇಳಿದ್ದರೆ ಇದು ಆಗುತ್ತಿರಲಿಲ್ಲ. ಆ ಒಂದು ಮಾತು ಯಾಕೆ ಹೊರಡಲಿಲ್ಲ? ಮುಚ್ಚಿಡಬೇಕೆಂದೇನೂ ಇರಲಿಲ್ಲ. ಒಳಗೆ ಏನಿದೆ ಎಂಬುದು ತಮಗೆ ಸಂಬಂಧಪಟ್ಟ ಸಂಗತಿಯೆಂದೇ ಅವರಿಗೆ ಅನಿಸಿರಲಿಲ್ಲ, ಅಷ್ಟೆ.

ಆ್ಯಸಿಡ್ ಬಾಟಲಿ, ಬಾಯಿಯ ಕೈ, ಫೋನಿನಲ್ಲಿ ಬುಕ್ ಮಾಡಿದ ಹುಡುಗ ಈ ಮೂರೂ ಒಂದೇ ಕೆಲಸಕ್ಕೆ ಬರುತ್ತವೆ, ನೋಡದೆ ಇರುವುದಕ್ಕೆ. ಬಿರಡೆ ತೆಗೆದು ಟಾರ್ಚ್ ಹಿಡಿದು ಒಂದು ಸಲ ಒಳಗೆ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ. ಆದರೆ ನೋಡುವುದೇ ಕಷ್ಟ. ಕೂದಲಿನ ವಿಷಯದಲ್ಲಂತೂ ಈ ಕಷ್ಟ ವಿಚಿತ್ರವಾದದ್ದು. ತಲೆಯ ಮೇಲಿದ್ದಾಗ ಮುಡಿ, ಜಡೆ, ಹೆರಳು. ಹೂ ಮುಡಿಸುತ್ತೇವೆ. ತಿರುಪತಿಯಲ್ಲಿ ಬೋಳಿಸಿ ಕೊಟ್ಟರೆ ಹರಕೆ, ದೇವಸ್ಥಾನ ಅದನ್ನು ಹರಾಜು ಹಾಕುತ್ತದೆ. ಬಾಚಣಿಗೆಯಲ್ಲಿ ಸಿಕ್ಕಿದ್ದಕ್ಕೂ ಬೆಲೆಯಿದೆ. ಉದುರುಗೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿಟ್ಟು, ಓಣಿಗೆ ಬಂದವನಿಗೆ ಕೊಟ್ಟು ಪಿನ್ನನ್ನೋ ಸಣ್ಣ ಪಾತ್ರೆಯನ್ನೋ ತೆಗೆದುಕೊಂಡ ನೆನಪು ಉತ್ತರ ಕರ್ನಾಟಕದ ಎಷ್ಟೋ ಹೆಂಗಸರಿಗಿದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅಂಥ ಕೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ಕಸುಬೇ ಬೆಳೆದಿದೆ. ಅದೇ ಕೂದಲು ಬಚ್ಚಲಿಗೆ ಬಿದ್ದ ಕೂಡಲೇ, ನೀರಲ್ಲೇ ತೊಳೆದು ಬಿದ್ದಿದ್ದರೂ, ಮುಟ್ಟಬಾರದ್ದಾಗುತ್ತದೆ. ಸಾಬೂನಿನಲ್ಲಿ ಅದ್ದಿದ್ದು ಮೈಲಿಗೆ!

ಕೂದಲಿನಲ್ಲಿ ಇಲ್ಲದ ಈ ಹೊಲಸು ಅದನ್ನು ತೆಗೆಯುವ ಕೈಗೆ ಅಂಟುತ್ತದೆಂಬ ನಂಬಿಕೆಯೇ ಇಲ್ಲಿ ಮುಖ್ಯ. ಆ ನಂಬಿಕೆ ಬಚ್ಚಲಲ್ಲಿ ನಿಲ್ಲುವುದಿಲ್ಲ, ಕೊಳವೆಯ ಜೊತೆ ಕೆಳಗಿಳಿಯುತ್ತದೆ. ಮನೆಯೊಳಗೆ ಬಾಯಿ, ಕಟ್ಟಡದ ಚೇಂಬರಿಗೆ ಇನ್ನೊಬ್ಬ, ರಸ್ತೆಯ ಮ್ಯಾನ್‌ಹೋಲಿಗೆ ಮತ್ತೊಬ್ಬ. ಕೆಳಗೆ ಹೋದಂತೆ ಜಾತಿ ಇನ್ನೂ ಖಚಿತವಾಗುತ್ತದೆ. ಕರ್ನಾಟಕದಲ್ಲಿ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ. ಕನ್ನಡದ ಓದುಬಲ್ಲ ಜನಕ್ಕೆ ಅವರ ಹೆಸರು 1973ರ ಬೂಸಾ ಮಾತಿಗೆ ನೆನಪಿದೆ, ಇದಕ್ಕೆ ಅಷ್ಟಾಗಿ ಇಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮವರೇ ಒಣ ಕಕ್ಕಸು ಬಳಿಯುವುದನ್ನು ಕಂಡು ದೇಶದುದ್ದಕ್ಕೂ ಹೋರಾಟ ಕಟ್ಟಿದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲೊಂದು ಕಾನೂನು, 2013ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದು. ಚರಂಡಿಗಿಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಯಿತು ಎಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ.

ಟಬ್ಬಿನ ಕೂದಲನ್ನು ಮನೆಯವರೇ ತೆಗೆದರೆ ಮ್ಯಾನ್‌ಹೋಲಿನ ಸಾವು ನಿಲ್ಲುತ್ತದೆಯೇ? ಇಲ್ಲ. ಅದಕ್ಕೆ ಯಂತ್ರ ಬೇಕು, ಮಹಾನಗರಪಾಲಿಕೆಗಳ ಮೇಲೆ ಕೇಸು ಬೇಕು, ಗುತ್ತಿಗೆದಾರ ಜೈಲಿಗೆ ಹೋಗಬೇಕು. ಒಂದನ್ನು ಮಾಡಿ ಇನ್ನೊಂದು ಆಯಿತೆಂದು ತೃಪ್ತಿಪಡುವುದು ಮಧ್ಯಮವರ್ಗದ ಹಳೆಯ ಚಾಳಿ. ಬಚ್ಚಲು ತೊಳೆದ ಫೋಟೋ ಹಾಕಿಕೊಳ್ಳುವವರೂ ಇದ್ದಾರೆ. ಇಲ್ಲಿ ಹೇಳುತ್ತಿರುವುದು ಅಷ್ಟು ದೊಡ್ಡ ಮಾತಲ್ಲ. ತನ್ನ ತಲೆಯ ಕೂದಲನ್ನು ಇನ್ನೊಬ್ಬರ ಕೈಯಿಂದ ತೆಗೆಸಲು ಐವತ್ತು ರೂಪಾಯಿ ಸಾಕೆಂದು ಅನಿಸುವ ಮನೆಯಲ್ಲಿ ಕುಳಿತು ಮ್ಯಾನ್‌ಹೋಲಿನ ಸುದ್ದಿ ಓದಿ ಛೇ ಎನ್ನುವುದಕ್ಕೆ ಅರ್ಥವಿಲ್ಲ, ಇಷ್ಟೇ.

ಇದಕ್ಕೆ ಎದುರು ಮಾತೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಎಲ್ಲರೂ ತಮ್ಮ ಬಚ್ಚಲು ತಾವೇ ಬಿಡಿಸಿಕೊಂಡರೆ ಪ್ಲಂಬರನ ಹೊಟ್ಟೆಪಾಡೇನು? ಬಾಯಿಗೆ ಸಿಗುವ ಐವತ್ತನ್ನು ಯಾಕೆ ಕಳೆಯಬೇಕು? ಪ್ಲಂಬರನ ಕಸುಬು ನಿಜವಾದ ಕಸುಬು. ಇಳಿಜಾರು ಎಷ್ಟಿರಬೇಕು, ಎಲ್ಲಿ ಬಾಗಿಸಬೇಕು, ಗೋಡೆಯೊಳಗೆ ಎಲ್ಲಿ ಸೋರುತ್ತಿದೆ ಎಂದು ಕಿವಿಯಿಟ್ಟು ಹೇಳುವ ಜ್ಞಾನ ಅವನದು. ಕೂದಲು ಎಳೆಯಲು ಅವನ ಜ್ಞಾನ ಬೇಕಾಗಿಲ್ಲ, ಅವನ ಅಸಹ್ಯಪಡದ ಕೈ ಬೇಕು, ಅಷ್ಟಕ್ಕೇ ಕರೆಯುತ್ತಾರೆ. ಬಾಯಿಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಪಾತ್ರೆ, ಕಸ, ನೆಲ ಎಂದು ಮಾತಾಡಿ ಬಂದವಳಿಗೆ ಇದನ್ನೂ ಹೇಳಿದರೆ ಬೇಡವೆನ್ನುವ ಧೈರ್ಯ ಇರುವುದಿಲ್ಲ. ಅವಳ ಸಂಬಳ ಕಡಿಮೆ ಅನಿಸಿದರೆ ಸಂಬಳ ಹೆಚ್ಚಿಸಬಹುದು, ಅದಕ್ಕೆ ಬಚ್ಚಲು ಕಟ್ಟುವವರೆಗೆ ಕಾಯಬೇಕಾಗಿಲ್ಲ.

ಕೈಯಿಂದ ಆಗದ ಸಂದರ್ಭಗಳೂ ಇವೆ. ಬಚ್ಚಲು, ಸಿಂಕು, ಕಕ್ಕಸು ಎಲ್ಲ ಒಟ್ಟಿಗೇ ನಿಧಾನವಾದರೆ, ಒಂದು ಕಡೆ ನೀರು ಬಿಟ್ಟಾಗ ಇನ್ನೊಂದು ಕಡೆ ಗುಳುಗುಳು ಎಂದರೆ, ಕಟ್ಟಿರುವುದು ಕಟ್ಟಡದ ಉದ್ದ ಕೊಳವೆ. ಅದು ಸೊಸೈಟಿಯ ಕೆಲಸ, ಯಂತ್ರದ ಕೆಲಸ.

ಠಾಣೆಯ ಮನೆಯಲ್ಲಿ ಹಾಗಿರಲಿಲ್ಲ. ಕಟ್ಟಿದ್ದು ಟಬ್ ಮಾತ್ರ. ಅಜ್ಜಿ ಬಾಯಿಯ ಹೆಸರೆತ್ತಿದ ಮರುದಿನ ಭಾನುವಾರ. ಮೂರು ದಿನ ಹಿಂದೆ ಪುಡಿ ಹಾಕಿದ್ದರಿಂದ ಮಗ ಮೊದಲು ನಿಂತ ನೀರನ್ನೆಲ್ಲ ಮಗ್ಗಿನಿಂದ ತೋಡಿ ಚೆಲ್ಲಿದ, ಬಕೆಟ್ಟುಗಟ್ಟಲೆ ಹೊಸ ನೀರು ಹೊಯ್ದು ಮತ್ತೆ ತೋಡಿದ. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಕಣ್ಣಿಗೆ ಹೆಂಡತಿಯ ಹಳೆಯ ಸ್ಕೂಟರ್ ಕನ್ನಡಕ. ಬಿರಡೆ ತಿರುಗಿಸಿ ಬಿಚ್ಚಿದ. ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರನ್ನು ನೆಟ್ಟಗೆ ಮಾಡಿ ತುದಿಯನ್ನು ಇಕ್ಕಳದಲ್ಲಿ ಸಣ್ಣ ಕೊಕ್ಕೆಯಾಗಿ ಬಗ್ಗಿಸಿಕೊಂಡಿದ್ದ. ಅಜ್ಜಿ ಬಾಗಿಲಲ್ಲಿ ನಿಂತು ತಡೆಯಲು ನೋಡಿದರು.

"ನೀ ಯಾಕ ಕೈ ಹಾಕ್ತಿಯೋ ಅದರಾಗ? ಆಫೀಸಿಗೆ ಹೋಗಾವ ನೀ."

"ನಮ್ಮ ಕೂದಲಾನ ಐತೆವ್ವಾ. ಮಂದೀದೇನ ಅಲ್ಲ."

"ನಾ ಹಾಕಿದ್ರ ಸುಮ್ಮನಿರ್ತಿದ್ರೇನೋ ಅತ್ತಿ," ಎಂದು ಸೊಸೆ ಅಡುಗೆಮನೆಯಿಂದ ಹೇಳಿದಳು. "ನಂದೂ ಆಫೀಸ್ ಐತ್ರಿ."

ಅದಕ್ಕೆ ಅಜ್ಜಿ ಏನೂ ಹೇಳಲಿಲ್ಲ. ಈ ಲೇಖನ ಬಾಯಿಯ ಕೈಯ ಬಗ್ಗೆ ಇಷ್ಟು ಹೇಳಿ ಸೊಸೆಯ ಕೈಯನ್ನು ಮರೆತರೆ ತಪ್ಪಾಗುತ್ತದೆ. ಕೆಲಸದವರು ಇಲ್ಲದ ಮನೆಗಳಲ್ಲಿ ಈ ಕೆಲಸ ಯಾರ ಪಾಲಿಗೆ ಬರುತ್ತದೆಂದು ಕೇಳುವ ಅಗತ್ಯವೂ ಇಲ್ಲದಷ್ಟು ಅದು ಗೊತ್ತಿರುವ ಸಂಗತಿ.

ಕೊಕ್ಕೆಗೆ ಮೊದಲು ಏನೂ ಸಿಗಲಿಲ್ಲ. ಅಡ್ಡಪಟ್ಟಿಯ ಕೆಳಗೆ ತೂರಿಸಿ ತಿರುಗಿಸಿ ಎಳೆದಾಗ ಬಂತು, ಬರುತ್ತಲೇ ಹೋಯಿತು, ಮೊಳದುದ್ದ, ಇಲಿಯ ಬಾಲದಂತೆ, ಬೂದುಬಣ್ಣದ ಜಿಡ್ಡು ಮೆತ್ತಿಕೊಂಡು. ಮೊಮ್ಮಗ ಮತ್ತೆ ಚಪ್ಪಾಳೆ ತಟ್ಟಿದ. ನೀರು ಅರ್ಧ ಸರಾಗವಾಯಿತು, ಪೂರ್ತಿ ಅಲ್ಲ. ಆಗ ರಬ್ಬರ್ ಪಂಪು. ಪಂಪು ಒತ್ತಿದರೂ ಒತ್ತಡ ಕೂರದೆ ಹತ್ತು ನಿಮಿಷ ಹೋಯಿತು. ಟಬ್ಬಿನ ಗೋಡೆಯಲ್ಲಿ ಮೇಲೆ ಇನ್ನೊಂದು ತೂತಿರುತ್ತದೆ, ನೀರು ತುಂಬಿ ಹೊರಗೆ ಚೆಲ್ಲದಿರಲೆಂದು. ಒತ್ತಿದ ಗಾಳಿಯೆಲ್ಲ ಅಲ್ಲಿಂದ ಹೋಗುತ್ತಿತ್ತು. ಒದ್ದೆ ಬಟ್ಟೆಯನ್ನು ಅದಕ್ಕೆ ತುರುಕಿ ಸೊಸೆ ಅಂಗೈಯಿಂದ ಒತ್ತಿ ಹಿಡಿದಳು, ಟಬ್ಬಿನಲ್ಲಿ ನಾಲ್ಕು ಬೆರಳು ನೀರು ಬಿಟ್ಟು ಗಂಡ ಪಂಪು ಒತ್ತಿದ. ಏಳೆಂಟು ಸಲಕ್ಕೆ ಗಳಗಳನೆ ಇಳಿಯಿತು.

ಟಬ್ಬಿನ ಪಕ್ಕದ ಹಲಗೆ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಹೊರಬಂತು. ಟಬ್ಬಿನ ಕೊಳವೆ ಹೋಗಿ ಬೀಳುತ್ತಿದ್ದದ್ದು ಹಳೆಯ ನೆಲದ ನಾನಿ ಟ್ರ್ಯಾಪಿನೊಳಕ್ಕೇ. ಶೋಕಿಯ ಟಬ್ಬಿನ ಕೆಳಗೆ ಮೊದಲಿನ ಬಚ್ಚಲು ಹಾಗೇ ಇತ್ತು. ಅದರ ಕಪ್ಪು ಇರಲಿಲ್ಲ, ಯಾರೋ ಎಂದೋ ತೆಗೆದಿದ್ದರು. ಐದು ವರ್ಷದಿಂದ ಸುಗಂಧದ ಗುಳಿಗೆಗೆ ತಿಂಗಳಿಗಿಷ್ಟೆಂದು ಕೊಡುತ್ತಿದ್ದದ್ದು ಇದಕ್ಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಪ್ಪು ಸಿಕ್ಕಿತು, ಜೊತೆಗೆ ಟಬ್ಬಿನ ತೂತಿನ ಮೇಲಿಡುವ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ.

ಸೋಮವಾರ ಬಾಯಿ ಬಂದಾಗ ಟಬ್ ಒಣಗಿತ್ತು. ಕಟ್ಟಿದ್ದು ಹೇಗೆ ಹೋಯಿತೆಂದು ಆಕೆ ಕೇಳಿದಳು. ಸಾಹೇಬರೇ ತೆಗೆದರೆಂದು ಸೊಸೆ ಹೇಳಿದ್ದನ್ನು ಆಕೆ ನಂಬಲಿಲ್ಲ, ತಂತಿ ತೋರಿಸಿದ ಮೇಲೆ ನಕ್ಕಳು. ತನ್ನ ಮನೆಯಲ್ಲೂ ಮೋರಿ ಕಟ್ಟಿದೆ, ಈ ತಂತಿ ಒಂದು ದಿನಕ್ಕೆ ಕೊಡುತ್ತೀರಾ ಎಂದು ಕೇಳಿ ಪಿಶವಿಯಲ್ಲಿ ಹಾಕಿಕೊಂಡು ಹೋದಳು.

ಅಜ್ಜಿ ಈಗ ತಲೆ ಬಾಚಿದ ಮೇಲೆ ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಕಾಗದದಲ್ಲಿಡುತ್ತಾರೆ, ಗದಗಿನಲ್ಲಿ ಮಾಡುತ್ತಿದ್ದಂತೆ. ಠಾಣೆಯಲ್ಲಿ ಅದನ್ನು ಕೊಳ್ಳಲು ಯಾರೂ ಬರುವುದಿಲ್ಲ, ಕಸದ ಡಬ್ಬಿಗೇ ಹೋಗುತ್ತದೆ. ಸ್ನಾನ ಮುಗಿಸಿದ ಮೇಲೆ ಜಾಲರಿಯ ಮೇಲೆ ಕೂತದ್ದನ್ನೂ ಅವರೇ ಎರಡು ಬೆರಳಲ್ಲಿ ಎತ್ತಿ ಹಾಕುತ್ತಾರೆ. ದಸರೆಯ ಮುಂಚಿನ ಭಾನುವಾರ ಟಬ್ಬಿನ ನೀರು ಸ್ವಲ್ಪ ನಿಧಾನವಾದಂತೆ ಕಂಡಾಗ ಮಗನನ್ನು ಎಬ್ಬಿಸಿ ಕೇಳಿದರು: "ಆ ತಂತಿ ಬಾಯಿ ತಂದು ಕೊಟ್ಟಾಳೇನೋ, ಇಲ್ಲ ಇನ್ನೊಂದು ಬಗ್ಗಿಸ್ತಿಯೋ?"